ನೆನಪುಳ್ಳ ಕಾವಲುಗಾರ



ಮನೆಗೆ ಬಾಗಿಲನ್ನು ಇಡುವುದು ಎರಡು ಕಾರಣಗಳಿಗಾಗಿ. ನಮ್ಮವರು ಸರಾಗವಾಗಿ ಹೋಗಿ ಬರಬೇಕು. ಅನ್ಯರು ಅನುಮತಿಯಿಲ್ಲದೆ ಒಳಗೆ ಬರಬಾರದು. ಈ ಎರಡರಲ್ಲಿ ಒಂದನ್ನು ಮಾತ್ರ ಸಾಧಿಸುವುದು ಸುಲಭ. ಎರಡನ್ನೂ ಒಟ್ಟಿಗೆ ಸಾಧಿಸುವುದಕ್ಕೆ ಬಾಗಿಲಿನಲ್ಲಿ ವಿವೇಕವುಳ್ಳ ಕಾವಲುಗಾರ ಬೇಕು. ಈಚಿನ ವರ್ಷಗಳಲ್ಲಿ ನಮ್ಮ ಅನೇಕ ಕುಟುಂಬಗಳ ಮನೆಗಳಿಗೆ ಕಣ್ಣಿಗೆ ಕಾಣದ ಇನ್ನೊಂದು ಬಾಗಿಲು ಬಂದಿದೆ. ಅದು ಅಂತರ್ಜಾಲದ ಬಾಗಿಲು. ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಪರದೇಶದಲ್ಲಿರುವ ಮಗ ಸೊಸೆಯರೊಡನೆ ಮಾತುಕತೆ, ವಿದ್ಯುತ್ ಬಿಲ್ಲಿನ ಪಾವತಿ ಎಲ್ಲವೂ ಆ ಬಾಗಿಲಿನ ಮೂಲಕವೇ ನಡೆಯುತ್ತಿವೆ. ಮನೆಯ ಹಣವೂ ಮಾನವೂ ಅದೇ ದಾರಿಯಲ್ಲಿ ಸಂಚರಿಸುತ್ತಿರುವಾಗ, ಆ ಬಾಗಿಲನ್ನು ಯಾರು ಕಾಯುತ್ತಿದ್ದಾರೆ, ಹೇಗೆ ಕಾಯುತ್ತಿದ್ದಾರೆ, ಆ ಕಾವಲು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಗೃಹಸ್ಥರೆಲ್ಲರೂ ತಿಳಿದಿರಬೇಕಾದುದು ಅವಶ್ಯ. ಈ ಸಂಚಿಕೆಯಲ್ಲಿ ಆ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಈ ಕಾವಲಿಗೆ ಫೈರ್‌ವಾಲ್ ಎಂದು ಹೆಸರು. ಕಟ್ಟಡದ ಒಂದು ಭಾಗಕ್ಕೆ ಹತ್ತಿದ ಬೆಂಕಿ ಇನ್ನೊಂದು ಭಾಗಕ್ಕೆ ಹರಡದಿರಲೆಂದು ನಡುವೆ ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ಇರುವ ಹೆಸರನ್ನೇ ಗಣಕ ಶಾಸ್ತ್ರಜ್ಞರು ಎರವಲು ಪಡೆದರು. ದೊಡ್ಡ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಯಂತ್ರಗಳನ್ನು ಇಟ್ಟಿರುತ್ತಾರೆ. ಮನೆಗಳಲ್ಲಿ ಗೋಡೆಯ ಮೇಲೆ ಸಣ್ಣ ದೀಪಗಳನ್ನು ಮಿನುಗಿಸುತ್ತ ಕುಳಿತಿರುವ ರೌಟರ್ ಎಂಬ ಪೆಟ್ಟಿಗೆಯೊಳಗೆ ಅದು ತಂತ್ರಾಂಶದ ರೂಪದಲ್ಲಿ ನೆಲೆಸಿರುತ್ತದೆ. ಹಗಲಿರುಳೂ ಕೆಲಸ ಮಾಡುತ್ತದೆ. ಅದು ಇದೆಯೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಅದರ ಕೆಲಸವನ್ನು ಅರಿಯಲು ಮೊದಲು ಒಂದು ಸಂಗತಿಯನ್ನು ತಿಳಿಯಬೇಕು. ಅಂತರ್ಜಾಲದಲ್ಲಿ ಯಾವ ಮಾಹಿತಿಯೂ ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ಚಿತ್ರವಾಗಲಿ, ಪತ್ರವಾಗಲಿ, ಧ್ವನಿಯಾಗಲಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು ಹೊರಡುತ್ತದೆ. ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಅಂಚೆಯ ಲಕೋಟೆಯ ಮೇಲಿರುವಂತೆ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಇರುತ್ತವೆ. ಅದರ ಜೊತೆಗೆ ಎರಡೂ ಕಡೆಯ ಪೋರ್ಟ್ ಸಂಖ್ಯೆಗಳಿರುತ್ತವೆ. ವಿಳಾಸವು ಕಟ್ಟಡವಾದರೆ, ಪೋರ್ಟ್ ಆ ಕಟ್ಟಡದೊಳಗಿನ ಕೋಣೆಯ ಸಂಖ್ಯೆ. 0ಯಿಂದ 65535ರವರೆಗೆ ಈ ಸಂಖ್ಯೆಗಳುಂಟು. ಸುರಕ್ಷಿತ ಜಾಲತಾಣಗಳಿಗೆ 443, ಹೆಸರಿನಿಂದ ವಿಳಾಸವನ್ನು ಹುಡುಕಿಕೊಡುವ ಸೇವೆಗೆ 53 ಎಂದು ಕೆಲವನ್ನು ಗೊತ್ತುಪಡಿಸಲಾಗಿದೆ.

ಆರಂಭದ ದಿನಗಳಲ್ಲಿ ಅಂತರ್ಜಾಲವು ವಿಶ್ವವಿದ್ಯಾಲಯಗಳ ಹಾಗೂ ಸಂಶೋಧಕರ ಪರಸ್ಪರ ವಿಶ್ವಾಸದ ಮೇಲೆ ನಡೆಯುತ್ತಿದ್ದಿತು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಒಂದು ತಂತ್ರಾಂಶವು ತಾನೇ ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹರಡಿ ಸುಮಾರು 6,000 ಗಣಕಗಳನ್ನು ಬಾಧಿಸಿತೆಂದು ಆಗ ಅಂದಾಜು ಮಾಡಲಾಯಿತು. ಬಾಗಿಲಿಗೆ ಕಾವಲು ಬೇಕೆಂಬ ಅರಿವು ಅಂದಿನಿಂದ ಗಟ್ಟಿಯಾಯಿತು. ಆ ಕಾಲದ ಕಾವಲು ಬಹಳ ಸರಳವಾಗಿತ್ತು. ಒಂದೊಂದು ಪ್ಯಾಕೆಟ್ ಬಂದಾಗಲೂ ಅದರ ಮೇಲಿನ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ನೋಡುವುದು, ನಿಯಮಗಳ ಪಟ್ಟಿಯೊಡನೆ ಹೋಲಿಸುವುದು, ಬಿಡುವುದು ಅಥವಾ ತಡೆಯುವುದು. ಹಿಂದಿನ ಪ್ಯಾಕೆಟ್ ಯಾವುದು, ಅದಕ್ಕೂ ಇದಕ್ಕೂ ಏನು ಸಂಬಂಧ ಎಂಬ ನೆನಪು ಆ ಕಾವಲಿಗೆ ಇರಲಿಲ್ಲ.

ಈ ನೆನಪಿಲ್ಲದ ಕಾವಲಿನ ಕೊರತೆಯನ್ನು ಒಂದು ಸಾದೃಶ್ಯದಿಂದ ತಿಳಿಯಬಹುದು. ಒಂದು ಉಚಿತ ಪ್ರಸಾದ ನಿಲಯವನ್ನು ಕಲ್ಪಿಸಿಕೊಳ್ಳೋಣ. ಉಗ್ರಾಣದವರು ಅಕ್ಕಿ ಬೇಳೆಗಾಗಿ ಪೇಟೆಯ ಅಂಗಡಿಗೆ ಚೀಟಿ ಕಳಿಸುತ್ತಾರೆ. ಅಂಗಡಿಯ ಗಾಡಿ ಸಾಮಾನು ಹೊತ್ತು ಬರುತ್ತದೆ. ಬಾಗಿಲಿನಲ್ಲಿರುವವನಿಗೆ ‘ದಿನಸಿ ಗಾಡಿಯನ್ನು ಬಿಡು’ ಎಂದು ಮಾತ್ರ ಹೇಳಿದ್ದರೆ, ದಿನಸಿ ಎಂದು ಫಲಕ ಹಾಕಿಕೊಂಡ ಯಾವ ಗಾಡಿಯಾದರೂ ಒಳಗೆ ಬಂದೀತು. ಚೀಟಿ ಹೋಗಿತ್ತೆ, ಯಾವ ಅಂಗಡಿಗೆ ಹೋಗಿತ್ತು, ಎಷ್ಟು ಸಾಮಾನಿಗೆ ಹೋಗಿತ್ತು ಎಂಬುದನ್ನು ಅವನು ಬಲ್ಲವನಲ್ಲ. ಹಳೆಯ ಫೈರ್‌ವಾಲ್‌ಗಳ ಸ್ಥಿತಿಯೂ ಹೀಗೆಯೇ ಇದ್ದಿತು. ಒಳಗಿನಿಂದ ಹೋದ ಪ್ರಶ್ನೆಗೆ ಉತ್ತರ ಬರಲೇಬೇಕಲ್ಲವೆ? ಆ ಉತ್ತರ 1023ಕ್ಕಿಂತ ಮೇಲಿನ ಯಾವುದೋ ಒಂದು ಪೋರ್ಟಿಗೆ ಬರುತ್ತದೆ. ಯಾವುದಕ್ಕೆಂದು ಮೊದಲೇ ಹೇಳಲಾಗದು. ಆದುದರಿಂದ ಸಾವಿರಾರು ಪೋರ್ಟ್‌ಗಳನ್ನು ತೆರೆದಿಡಬೇಕಾಗುತ್ತಿತ್ತು. ‘ಇದು ಉತ್ತರ’ ಎಂಬ ಗುರುತುಳ್ಳ ಪ್ಯಾಕೆಟ್‌ಗಳನ್ನು ಮಾತ್ರ ಬಿಡು ಎಂಬ ನಿಯಮವನ್ನೂ ಮಾಡಿದರು. ಆದರೆ ಆ ಗುರುತನ್ನು ಬರೆಯುವವನು ಕಳಿಸುವವನೇ. ಯಾವ ಪ್ರಶ್ನೆಯೂ ಹೋಗದಿದ್ದರೂ ಉತ್ತರವೆಂದು ಬರೆದು ಕಳಿಸಲು ದುಷ್ಟನಿಗೆ ಏನು ಅಡ್ಡಿ?

ಇದಕ್ಕೆ ಪರಿಹಾರವೆಂದರೆ ಕಾವಲುಗಾರನ ಕೈಗೆ ಒಂದು ಪುಸ್ತಕವನ್ನು ಕೊಡುವುದು. 1993ರಲ್ಲಿ ಇಸ್ರೇಲಿನಲ್ಲಿ ಗಿಲ್ ಶ್ವೆಡ್, ಮಾರಿಯಸ್ ನಾಖ್ಟ್, ಶ್ಲೋಮೊ ಕ್ರಾಮರ್ ಎಂಬ ಮೂವರು ತರುಣರು ಚೆಕ್ ಪಾಯಿಂಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷ ಫೈರ್‌ವಾಲ್-1 ಎಂಬ ತಂತ್ರಾಂಶವನ್ನು ಹೊರತಂದರು. ಸಂಪರ್ಕದ ಸ್ಥಿತಿಯನ್ನು ನೆನಪಿಟ್ಟು ಪ್ಯಾಕೆಟ್ಟನ್ನು ಪರೀಕ್ಷಿಸುವ ವಿಧಾನವು ಅದರ ಮೂಲಕ ಪ್ರಸಿದ್ಧಿಗೆ ಬಂದಿತು. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4 ಆವೃತ್ತಿಯಲ್ಲಿ ನೆಟ್‌ಫಿಲ್ಟರ್ ಎಂಬ ಹೆಸರಿನಲ್ಲಿ ಇದೇ ಶಕ್ತಿಯು ಎಲ್ಲರಿಗೂ ಉಚಿತವಾಗಿ ದೊರೆಯಿತು. ಇಂದು ಮನೆಗಳಲ್ಲಿರುವ ಅನೇಕ ರೌಟರ್‌ಗಳ ಒಳಗೆ ನಡೆಯುತ್ತಿರುವುದು ಲಿನಕ್ಸ್ ತಂತ್ರಾಂಶವೇ ಆಗಿದೆ.

ಆ ಪುಸ್ತಕದಲ್ಲಿ ಏನನ್ನು ಬರೆಯಲಾಗುತ್ತದೆ ಎಂಬುದನ್ನು ನೋಡೋಣ. ಮನೆಯ ಯಜಮಾನರು ತಮ್ಮ ಮೊಬೈಲಿನಲ್ಲಿ ಬ್ಯಾಂಕಿನ ತಾಣವನ್ನು ತೆರೆಯುತ್ತಾರೆಂದು ಇಟ್ಟುಕೊಳ್ಳಿ. ಸಾಮಾನ್ಯವಾಗಿ ಇಂತಹ ಸಂಪರ್ಕವು ಟಿಸಿಪಿ ಎಂಬ ಕ್ರಮವನ್ನು ಅನುಸರಿಸುತ್ತದೆ. ಈ ಕ್ರಮದ ಪ್ರಮಾಣಪತ್ರವು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. 2022ರ ಆಗಸ್ಟಿನಲ್ಲಿ ಅದನ್ನು ಪರಿಷ್ಕರಿಸಲಾಯಿತು. ಇದರಂತೆ ಮಾತಿಗೆ ಮುನ್ನ ಮೂರು ಹೆಜ್ಜೆಗಳ ಉಪಚಾರವಿದೆ. ‘ಮಾತನಾಡಬಹುದೆ?’ ಎಂದು ಮೊಬೈಲು ಕೇಳುತ್ತದೆ, ಇದು ಸಿನ್. ‘ಆಗಲಿ, ನಿಮಗೂ ಸಮ್ಮತವೆ?’ ಎಂದು ಬ್ಯಾಂಕಿನ ಯಂತ್ರ ಹೇಳುತ್ತದೆ, ಇದು ಸಿನ್-ಆಕ್. ‘ಸಮ್ಮತ’ ಎಂದು ಮೊಬೈಲು ಮುಗಿಸುತ್ತದೆ, ಇದು ಆಕ್. ಮೊದಲ ಪ್ಯಾಕೆಟ್ ಬಾಗಿಲನ್ನು ದಾಟಿ ಹೊರಟಾಗಲೇ ಫೈರ್‌ವಾಲ್ ತನ್ನ ಪುಸ್ತಕದಲ್ಲಿ ಐದು ಅಂಶಗಳನ್ನು ಬರೆದುಕೊಳ್ಳುತ್ತದೆ: ಹೊರಟ ವಿಳಾಸ, ಹೊರಟ ಪೋರ್ಟ್, ತಲುಪಬೇಕಾದ ವಿಳಾಸ, ತಲುಪಬೇಕಾದ ಪೋರ್ಟ್, ಸಂಭಾಷಣೆಯ ಕ್ರಮ. ಜೊತೆಗೆ ಮಾತು ಯಾವ ಹಂತದಲ್ಲಿದೆ ಎಂಬುದನ್ನೂ ಗುರುತು ಮಾಡಿಕೊಳ್ಳುತ್ತದೆ.

ಮರುಕ್ಷಣ ಹೊರಗಿನಿಂದ ಒಂದು ಪ್ಯಾಕೆಟ್ ಬಂದಾಗ ಕಾವಲುಗಾರನು ಪುಸ್ತಕವನ್ನು ನೋಡುತ್ತಾನೆ. ಐದು ಅಂಶಗಳೂ ತಿರುವುಮುರುವಾಗಿ ಹೊಂದಿಕೊಂಡರೆ ಅದು ನಮ್ಮ ಪ್ರಶ್ನೆಗೆ ಬಂದ ಉತ್ತರವೆಂದು ತಿಳಿದು ಒಳಗೆ ಬಿಡುತ್ತಾನೆ. ಹೊಂದದಿದ್ದರೆ ಅದು ಎಷ್ಟೇ ಸಭ್ಯವಾಗಿ ತೋರಿದರೂ ಬಿಡುವುದಿಲ್ಲ. ಅಷ್ಟಕ್ಕೇ ನಿಲ್ಲದೆ ಪ್ಯಾಕೆಟ್ಟಿನ ಕ್ರಮಸಂಖ್ಯೆಯನ್ನೂ ಪರೀಕ್ಷಿಸುವ ಫೈರ್‌ವಾಲ್‌ಗಳುಂಟು. ಸುಮಾರು 429 ಕೋಟಿ ಸಂಖ್ಯೆಗಳ ನಡುವೆ ಮಾತು ಎಲ್ಲಿಗೆ ಬಂದಿದೆಯೋ ಅದರ ಆಸುಪಾಸಿನಲ್ಲಿಯೇ ಮುಂದಿನ ಸಂಖ್ಯೆ ಇರಬೇಕು. ನಡುವೆ ನುಸುಳಿ ಸುಳ್ಳು ಮಾತು ಸೇರಿಸಲು ಬರುವವನಿಗೆ ಇದನ್ನು ಊಹಿಸುವುದು ಬಹಳ ಕಷ್ಟ.

ನೆಟ್‌ಫಿಲ್ಟರ್ ತನ್ನ ಮುಂದೆ ಬಂದ ಪ್ಯಾಕೆಟ್‌ಗಳನ್ನು ಮುಖ್ಯವಾಗಿ ನಾಲ್ಕು ಸ್ಥಿತಿಗಳಲ್ಲಿ ವಿಂಗಡಿಸುತ್ತದೆ. ಮೊದಲನೆಯದು ಹೊಸತು, ಈಗಷ್ಟೇ ಆರಂಭವಾದ ಸಂಪರ್ಕ. ಎರಡನೆಯದು ಸ್ಥಾಪಿತ, ಎರಡೂ ಕಡೆಯಿಂದ ಮಾತು ನಡೆದ ಸಂಪರ್ಕ. ಮೂರನೆಯದು ಸಂಬಂಧಿತ, ತಾನೇ ಹೊಸದಾದರೂ ನಡೆಯುತ್ತಿರುವ ಇನ್ನೊಂದು ಸಂಪರ್ಕದಿಂದ ಹುಟ್ಟಿದುದು. ನಾಲ್ಕನೆಯದು ಅಸಂಗತ, ಯಾವುದಕ್ಕೂ ಹೊಂದದುದು. ಮನೆಯ ಬಾಗಿಲಿಗೆ ಒಪ್ಪುವ ನಿಯಮವು ಇದರಿಂದ ಬಹಳ ಚಿಕ್ಕದಾಗುತ್ತದೆ. ಒಳಗಿನಿಂದ ಹೊಸದು ಹೊರಡಲಿ. ಹೊರಗಿನಿಂದ ಸ್ಥಾಪಿತವೂ ಸಂಬಂಧಿತವೂ ಬರಲಿ. ಉಳಿದುದೆಲ್ಲ ಹೊರಗೇ ಇರಲಿ.

ಸಂಬಂಧಿತ ಎಂಬ ಸ್ಥಿತಿಗೆ ಒಂದು ಹಳೆಯ ಉದಾಹರಣೆಯಿದೆ. ಕಡತಗಳನ್ನು ಸಾಗಿಸುವ ಎಫ್‌ಟಿಪಿ ಎಂಬ ಪದ್ಧತಿಯಲ್ಲಿ ಆಜ್ಞೆಗಳು 21ನೆಯ ಪೋರ್ಟಿನ ಸಂಪರ್ಕದಲ್ಲಿ ಹೋಗುತ್ತವೆ. ಅದರ ಒಂದು ಬಗೆಯಲ್ಲಿ ಕಡತವನ್ನು ಕೊಡಲು ಆ ಕಡೆಯ ಯಂತ್ರವೇ ಬೇರೊಂದು ಸಂಪರ್ಕವನ್ನು ನಮ್ಮ ಕಡೆಗೆ ತೆರೆಯುತ್ತದೆ. ಅಕ್ಕಿಯ ಚೀಟಿಯಲ್ಲಿಯೇ ‘ಎಣ್ಣೆಯ ಡಬ್ಬಗಳು ಬೇರೆ ಗಾಡಿಯಲ್ಲಿ ಬರಲಿ’ ಎಂದು ಬರೆದಿದ್ದಂತೆ ಇದು. ಕಾವಲುಗಾರನು ಆ ಚೀಟಿಯನ್ನು ಓದಿದ್ದರೆ ಮಾತ್ರ ಎರಡನೆಯ ಗಾಡಿಯನ್ನು ಗುರುತಿಸಬಲ್ಲನು. ಯುಡಿಪಿ ಎಂಬ ಇನ್ನೊಂದು ಕ್ರಮದಲ್ಲಿ ಆರಂಭದ ಉಪಚಾರವೂ ಇಲ್ಲ, ಮುಕ್ತಾಯದ ವಂದನೆಯೂ ಇಲ್ಲ. ಆದರೂ ಫೈರ್‌ವಾಲ್ ಅದಕ್ಕೂ ಒಂದು ಸಾಲು ಬರೆದುಕೊಂಡು, ಕೆಲವು ಕ್ಷಣಗಳೊಳಗೆ ಅದೇ ವಿಳಾಸದಿಂದ ಬಂದ ಪ್ಯಾಕೆಟ್ಟನ್ನು ಉತ್ತರವೆಂದು ಒಪ್ಪುತ್ತದೆ.

ನೆನಪಿನ ಜೊತೆಗೆ ಮರೆವೂ ಇರಬೇಕಾದುದು ಇಲ್ಲಿಯ ಸ್ವಾರಸ್ಯ. ಪುಸ್ತಕದ ಪುಟಗಳಿಗೆ ಮಿತಿಯಿದೆ; ಹಳೆಯ ಸಾಲುಗಳನ್ನು ಅಳಿಸದಿದ್ದರೆ ಹೊಸದಕ್ಕೆ ಎಡೆಯಿರುವುದಿಲ್ಲ. ಹಳೆಯ ಸಾಲು ಉಳಿದಷ್ಟು ಕಾಲವೂ ಬಾಗಿಲಿನಲ್ಲಿ ಒಂದು ಸಣ್ಣ ಬಿರುಕು ಉಳಿದಂತೆಯೇ ಸರಿ. ಆದುದರಿಂದ ಪ್ರತಿ ಸಾಲಿಗೂ ಆಯುಸ್ಸು ಉಂಟು. ಲಿನಕ್ಸಿನ ಮೂಲ ಏರ್ಪಾಟಿನಲ್ಲಿ ಉತ್ತರ ಬಾರದ ಯುಡಿಪಿಗೆ 30 ಸೆಕೆಂಡು. ಸ್ಥಾಪಿತವಾದ ಟಿಸಿಪಿ ಸಂಪರ್ಕವು ಸುಮ್ಮನಿದ್ದರೆ 4,32,000 ಸೆಕೆಂಡು, ಅಂದರೆ 5 ದಿನ. ಅನೇಕ ಕಡೆ ಇದನ್ನು ಬಹಳ ಕಡಿಮೆ ಮಾಡಿರುತ್ತಾರೆ. ಕಾವಲುಗಾರನು ಮರೆತ ಮೇಲೆ, ಎರಡು ಕೊನೆಗಳಲ್ಲಿರುವವರು ಇನ್ನೂ ಮಾತು ನಡೆದಿದೆಯೆಂದು ತಿಳಿದಿದ್ದರೂ ನಡುವೆ ದಾರಿ ಮುಚ್ಚಿರುತ್ತದೆ. ಸಂದೇಶ ತರುವ ಆ್ಯಪ್‌ಗಳು ಆಗಾಗ ಒಂದು ಪುಟ್ಟ ಪ್ಯಾಕೆಟ್ಟನ್ನು ಕಳಿಸುತ್ತಿರುವುದು ಈ ಕಾರಣದಿಂದಲೇ. ‘ನಾವಿನ್ನೂ ಇದ್ದೇವೆ, ನಮ್ಮ ಸಾಲನ್ನು ಅಳಿಸಬೇಡಿ’ ಎಂಬುದು ಅದರ ಅರ್ಥ. ವಿದ್ಯುತ್ ಹೋಗಿ ಬಂದಾಗ ರೌಟರಿನ ಪುಸ್ತಕವೆಲ್ಲ ಬರಿದಾಗಿರುತ್ತದೆ. ನಡೆಯುತ್ತಿದ್ದ ವಿಡಿಯೊ ಕರೆ ತುಂಡಾಗಿ ಮತ್ತೆ ಹೊಸದಾಗಿ ಆರಂಭಿಸಬೇಕಾಗುವುದಕ್ಕೆ ಇದೂ ಒಂದು ಕಾರಣ.

ಪುಸ್ತಕವನ್ನೇ ತುಂಬಿಸಿಬಿಡುವ ದುಷ್ಟತನವೂ ಉಂಟು. 1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರ್ಜಾಲ ಸೇವಾ ಸಂಸ್ಥೆಯ ಯಂತ್ರಗಳ ಮೇಲೆ ಸುಳ್ಳು ವಿಳಾಸಗಳಿಂದ ‘ಮಾತನಾಡಬಹುದೆ?’ ಎಂಬ ಪ್ಯಾಕೆಟ್‌ಗಳ ಪ್ರವಾಹವೇ ಹರಿಯಿತು. ಪ್ರತಿಯೊಂದಕ್ಕೂ ಉತ್ತರ ಕೊಟ್ಟು ಮೂರನೆಯ ಹೆಜ್ಜೆಗಾಗಿ ಕಾಯುತ್ತ ಕುಳಿತ ಯಂತ್ರಗಳಿಗೆ ನಿಜವಾದ ಗ್ರಾಹಕರನ್ನು ಮಾತನಾಡಿಸಲು ಎಡೆಯೇ ಉಳಿಯಲಿಲ್ಲ. ಇದೇ ಉಪಾಯದಿಂದ ಫೈರ್‌ವಾಲಿನ ಪುಸ್ತಕವನ್ನೂ ತುಂಬಿಸಬಹುದು. ತುಂಬಿದರೆ ಹೊಸ ಸಂಪರ್ಕಗಳೆಲ್ಲ ಬಾಗಿಲಲ್ಲೇ ನಿಲ್ಲುತ್ತವೆ. ಅದೇ ವರ್ಷ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು ಒಂದು ಯುಕ್ತಿಯನ್ನು ಸೂಚಿಸಿದರು. ಬಂದವನ ವಿವರವನ್ನು ಬರೆದಿಟ್ಟುಕೊಳ್ಳುವ ಬದಲು, ಆ ವಿವರದಿಂದ ಗುಟ್ಟಾಗಿ ಲೆಕ್ಕ ಹಾಕಿದ ಸಂಖ್ಯೆಯೊಂದನ್ನು ಉತ್ತರದಲ್ಲಿ ಕಳಿಸುವುದು. ಅವನು ಅದಕ್ಕೆ ಹೊಂದುವ ಸಂಖ್ಯೆಯೊಡನೆ ಮರಳಿದರೆ ಮಾತ್ರ ಪುಸ್ತಕದಲ್ಲಿ ಎಡೆ ಕೊಡುವುದು. ಸುಳ್ಳು ವಿಳಾಸದವನಿಗೆ ಉತ್ತರವೇ ತಲುಪದಿರುವುದರಿಂದ ಅವನು ಮರಳಲಾರ.

ಇನ್ನು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರೋಣ. ಇಷ್ಟೆಲ್ಲ ಜಾಗರೂಕತೆಯುಳ್ಳ ಈ ಕಾವಲುಗಾರನು ಒಂದು ವಿಷಯವನ್ನು ಪ್ರಶ್ನಿಸುವುದೇ ಇಲ್ಲ. ಒಳಗಿನಿಂದ ಹೊರಟ ಚೀಟಿಯು ಯೋಗ್ಯವಾದುದೆಂದು ಅವನು ನಂಬುತ್ತಾನೆ. ಅವನ ವಿವೇಕವೆಲ್ಲ ಹೊರಗಿನಿಂದ ಬಂದವರ ಮೇಲೆ. ಮನೆಯವರ ಮೇಲೆ ಅವನಿಗೆ ಪೂರ್ಣ ವಿಶ್ವಾಸ. ಈ ವಿಶ್ವಾಸವನ್ನೇ ಇಂದಿನ ವಂಚಕರು ತಮ್ಮ ಬಂಡವಾಳ ಮಾಡಿಕೊಂಡಿದ್ದಾರೆ. ಗೋಡೆ ಹಾರುವುದು ಕಷ್ಟವಾದಾಗ, ಒಳಗಿನವರಿಂದಲೇ ಬಾಗಿಲು ತೆರೆಸುವ ದಾರಿಯನ್ನು ಅವರು ಹಿಡಿದರು.

ಮದುವೆಯ ಕರೆಯೋಲೆಯನ್ನೇ ನೋಡಿ. 2024ರಲ್ಲಿ ವಾಟ್ಸ್ಆ್ಯಪ್ ಮೂಲಕ ಆಹ್ವಾನಪತ್ರಿಕೆಯ ರೂಪದಲ್ಲಿ ಎಪಿಕೆ ಎಂಬ ಕಡತಗಳು ಬರುತ್ತಿರುವುದಾಗಿ ಹಿಮಾಚಲ ಪ್ರದೇಶದ ಪೊಲೀಸರು ಸಾರ್ವಜನಿಕರನ್ನು ಎಚ್ಚರಿಸಿದರು. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಸ್ಥಾಪನೆಯಾಗುವ ತಂತ್ರಾಂಶದ ಕಡತ. ಪರಿಚಿತರ ಮನೆಯ ಶುಭಕಾರ್ಯವೆಂದು ಅದನ್ನು ಒತ್ತಿ, ಅದು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ, ಆ ತಂತ್ರಾಂಶವು ಮನೆಯೊಳಗಿನಿಂದಲೇ ತನ್ನ ಒಡೆಯನಿಗೆ ಚೀಟಿ ಬರೆಯುತ್ತದೆ. ಕಾವಲುಗಾರನು ಅದನ್ನು ಹೊಸ ಸಂಪರ್ಕವೆಂದು ಬರೆದುಕೊಳ್ಳುತ್ತಾನೆ. ವಂಚಕನ ಉತ್ತರವನ್ನು ಸ್ಥಾಪಿತ ಸಂಪರ್ಕವೆಂದು ಗೌರವದಿಂದ ಒಳಗೆ ಬಿಡುತ್ತಾನೆ. ಬ್ಯಾಂಕಿನಿಂದ ಬಂದ ಗುಪ್ತಸಂಖ್ಯೆಯನ್ನು ಓದಿ ಹೊರಗೆ ಸಾಗಿಸುವುದೂ ಆ ದಾರಿಯಲ್ಲಿಯೇ. ಪುಸ್ತಕದಲ್ಲಿ ಪ್ರತಿಯೊಂದು ಸಾಲೂ ಸರಿಯಾಗಿಯೇ ಇರುತ್ತದೆ. ಮನೆಯ ಉಳಿತಾಯ ಮಾತ್ರ ಖಾಲಿಯಾಗಿರುತ್ತದೆ. ಸಂಪರ್ಕವು ಗೂಢಲಿಪಿಯಲ್ಲಿ ನಡೆದರೆ ಸಾಮಾನ್ಯ ರೌಟರಿಗೆ ಲಕೋಟೆಯ ಹೊರಗಿನ ವಿಳಾಸಗಳು ಕಾಣುತ್ತವೆಯೇ ಹೊರತು ಒಳಗಿನ ಪತ್ರ ಕಾಣುವುದಿಲ್ಲ.

ಇನ್ನೊಂದು ಅಪಾಯ, ನಾವೇ ಕಾವಲುಗಾರನಿಗೆ ‘ಇವರನ್ನು ಕೇಳದೆ ಬಿಡು’ ಎಂದು ಅಪ್ಪಣೆ ಕೊಡುವುದು. ಊರಿನ ಮನೆಯನ್ನೋ ತೋಟವನ್ನೋ ದೂರದಿಂದ ನೋಡಲೆಂದು ಕ್ಯಾಮೆರಾ ಹಾಕಿಸುವಾಗ, ಹೊರಗಿನಿಂದ ನೇರವಾಗಿ ಅದನ್ನು ತಲುಪುವಂತೆ ರೌಟರಿನಲ್ಲಿ ಒಂದು ಪೋರ್ಟನ್ನು ತೆರೆದಿಡುವುದುಂಟು. ಯುಪಿಎನ್‌ಪಿ ಎಂಬ ಸೌಲಭ್ಯ ಚಾಲನೆಯಲ್ಲಿದ್ದರೆ ಕೆಲವು ಉಪಕರಣಗಳು ಯಾರನ್ನೂ ಕೇಳದೆ ತಾವೇ ಬಾಗಿಲು ತೆರೆಸಿಕೊಳ್ಳುತ್ತವೆ. ಇಂತಹ ತೆರೆದ ಬಾಗಿಲುಗಳ ಪರಿಣಾಮ 2016ರಲ್ಲಿ ಜಗತ್ತಿಗೆ ಗೊತ್ತಾಯಿತು. ಮಿರಾಯ್ ಎಂಬ ತಂತ್ರಾಂಶವು ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಕ್ಯಾಮೆರಾ ಮತ್ತು ರೌಟರ್‌ಗಳನ್ನು ಹುಡುಕಿ, ಕಾರ್ಖಾನೆಯಲ್ಲಿ ಇಟ್ಟು ಯಾರೂ ಬದಲಿಸದೆ ಬಿಟ್ಟ ಗುಪ್ತಪದಗಳ ಒಂದು ಚಿಕ್ಕ ಪಟ್ಟಿಯಿಂದಲೇ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅವುಗಳ ಮೂಲಕ ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್ ಮೊದಲಾದ ಪ್ರಸಿದ್ಧ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ದೊರೆಯದಾದವು. ನೆನಪುಳ್ಳ ಕಾವಲುಗಾರನ ಹಿಂದೆ ಇದ್ದು, ಬಾಗಿಲು ತೆರೆದಿಡದ ಉಪಕರಣಗಳನ್ನು ಹೊರಗಿನ ಆ ಹುಡುಕಾಟವು ತಲುಪಲಾರದಾಗಿತ್ತು.

ಆದುದರಿಂದ ಪ್ರತಿಯೊಂದು ಮನೆಯಲ್ಲೂ ಕೆಲವು ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು. ರೌಟರಿನ ಫೈರ್‌ವಾಲ್ ಚಾಲನೆಯಲ್ಲಿದೆಯೆ ಎಂಬುದನ್ನು ಸಂಪರ್ಕ ಕೊಟ್ಟವರಿಂದ ಕೇಳಿ ತಿಳಿಯಬೇಕು. ಐಪಿವಿ6 ಎಂಬ ಹೊಸ ವಿಳಾಸಪದ್ಧತಿಯಿರುವ ಕಡೆ ಅದಕ್ಕೂ ಕಾವಲು ಇದೆಯೆ ಎಂದು ಪ್ರತ್ಯೇಕವಾಗಿ ವಿಚಾರಿಸಬೇಕು. ಹಳೆಯ ಪದ್ಧತಿಯಲ್ಲಿ ಮನೆಯ ಉಪಕರಣಗಳ ವಿಳಾಸ ಹೊರಗೆ ಕಾಣುತ್ತಿರಲಿಲ್ಲ, ಹೊಸದರಲ್ಲಿ ಅವುಗಳಿಗೆ ಹೊರಗಿನಿಂದಲೂ ತಲುಪಬಹುದಾದ ಸ್ವಂತ ವಿಳಾಸವೇ ಇರುತ್ತದೆ. ರೌಟರಿನ ಹಾಗೂ ಕ್ಯಾಮೆರಾದ ಗುಪ್ತಪದಗಳನ್ನು ತಂದ ದಿನವೇ ಬದಲಿಸಬೇಕು. ಅಗತ್ಯವಿಲ್ಲದಿದ್ದರೆ ಯುಪಿಎನ್‌ಪಿಯನ್ನು ನಿಲ್ಲಿಸಬೇಕು. ತಯಾರಕರು ಕಳಿಸುವ ಪರಿಷ್ಕೃತ ತಂತ್ರಾಂಶವನ್ನು ಹಾಕಿಸಿಕೊಳ್ಳಬೇಕು. ಸಂದೇಶದಲ್ಲಿ ಬಂದ ಎಪಿಕೆ ಕಡತವನ್ನು, ಕಳಿಸಿದವರು ಎಷ್ಟೇ ಆಪ್ತರಾಗಿರಲಿ, ತೆರೆಯಲೇಬಾರದು. ಅವರ ಫೋನೇ ವಂಚಕನ ಕೈಯಲ್ಲಿರಬಹುದು. ನಿಜವಾದ ಕರೆಯೋಲೆಯಾಗಿದ್ದರೆ ಒಂದು ಕರೆ ಮಾಡಿ ಕೇಳಿದರಾಯಿತು. ಬಂಧುಗಳೊಡನೆ ಎರಡು ಮಾತಾಡಿದಂತೆಯೂ ಆಗುತ್ತದೆ.

ಕೊನೆಯದಾಗಿ ಹಿರಿಯರಿಗೂ ಕಿರಿಯರಿಗೂ ಒಂದು ವಿನಂತಿ. ಹಣ ಹೋದಾಗ ಮನೆಯಲ್ಲಿ ಬೈದಾರೆಂಬ ಅಂಜಿಕೆಯಿಂದ, ನೆರೆಯವರು ನಕ್ಕಾರೆಂಬ ನಾಚಿಕೆಯಿಂದ ಸುಮ್ಮನಿದ್ದುಬಿಡುವವರಿದ್ದಾರೆ. ವಂಚಕನಿಗೆ ಬೇಕಾಗಿರುವುದೂ ಆ ಮೌನವೇ. ಹೋದ ಹಣವು ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯಬೇಕಾದರೆ ಗಂಟೆಗಳೂ ಅಮೂಲ್ಯ. ಕೂಡಲೆ 1930 ಸಂಖ್ಯೆಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಅಜ್ಜ ಅಜ್ಜಿಯರು ‘ಇದನ್ನು ಒತ್ತಲೆ?’ ಎಂದು ಕೇಳಿದಾಗ ಮೊಮ್ಮಕ್ಕಳು ಬೇಸರಿಸದೆ ಬಂದು ನೋಡಲಿ. ಬಾಗಿಲಿನ ಕಾವಲುಗಾರನು ಹೊರಗಿನವರನ್ನು ತಡೆದು ತನ್ನ ಕೆಲಸ ಮಾಡುತ್ತಾನೆ. ಒಳಗಿನಿಂದ ಹೊರಡುವ ಚೀಟಿಯನ್ನು ನೋಡಿ ಕಳಿಸುವ ಹೊಣೆ ಮನೆಯವರದು.